ನಿಮಗಿದು ಗೊತ್ತೇ? ಹಿಂದೂಪುರ 24 ಬೈಟ್, ಕಲ್ಯಾಣದುರ್ಗ 33!

ಹಿಂದೂಪುರದ ಹತ್ತಿರದ ಲೇಪಾಕ್ಷಿ ವೀರಭದ್ರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಆ ಸೀಮೆಯ ಊರ ಹೆಸರುಗಳನ್ನು ಕನ್ನಡ, ತೆಲುಗು ಎರಡರಲ್ಲೂ ಹೊತ್ತ ಪುಟ್ಟ ಸಿ ಲೈಬ್ರರಿಯನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಕಟ್ಟಹೊರಟರೆ ಏನೇನು ಎದುರಾಗುತ್ತದೆ?

ಯುನಿಕೋಡ್‌ನಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಯವು. ಕನ್ನಡದ ‘ಹ’ 3257, ತೆಲುಗಿನದು 3129. ಅಂತರ 128. ‘ಹಿಂದೂಪುರ’ದ ಎಂಟೂ ಸಂಕೇತಗಳಿಗೆ ಇದೇ ಲೆಕ್ಕ, ತೆಲುಗಿನವರು ಕೊನೆಗೊಂದು ಸೊನ್ನೆ (ಅನುಸ್ವಾರ) ಸೇರಿಸುತ್ತಾರೆ.

ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್. ಹಾಗಾಗಿ ಹಿಂದೂಪುರ 24, ಕಲ್ಯಾಣದುರ್ಗ 33. ಇದು ಎಲ್ಲ ಯಂತ್ರದಲ್ಲೂ ಒಂದೇ. ವೈಡ್ ಕ್ಯಾರೆಕ್ಟರ್ ಬಳಸಿದರೆ ಮಾತ್ರ ಹಿಂದೂಪುರ ಲಿನಕ್ಸ್‌ನಲ್ಲಿ 32 ಬೈಟ್, ವಿಂಡೋಸ್‌ನಲ್ಲಿ 16!

ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ 224. ಇಂಟೆಲ್ ಪಿಸಿಯಲ್ಲಿ ಜಿಸಿಸಿ ಬರೀ ‘ಚಾರ್’ ಅನ್ನು ಋಣ ಸಂಖ್ಯೆಗೂ ಎಡೆಯಿರುವ ವಿಧವೆಂದು ಎಣಿಸುವುದರಿಂದ ಅದೇ ಬೈಟ್ −32 ಆಗುತ್ತದೆ. ಆರ್ಮ್ ಲಿನಕ್ಸ್‌ನಲ್ಲಿ ಅದು 224 ಆಗಿಯೇ ಉಳಿಯುತ್ತದೆ. ಅದನ್ನು ಅರೇ ಇಂಡೆಕ್ಸ್ ಮಾಡಿದ ಕೋಡ್ ಒಂದು ಕಡೆ ಸರಿಯಾಗಿ ಓಡಿ ಇನ್ನೊಂದು ಕಡೆ ಮೆಮೊರಿಯಾಚೆ ಕೈಚಾಚುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಒಳಗೇ ಇರುವುದರಿಂದ ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ‘ಅನ್‌ಸೈನ್ಡ್ ಚಾರ್’ ಎಂದು ಬರೆಯಿರಿ, ಕನ್ನಡದಲ್ಲೇ ಪರೀಕ್ಷಿಸಿ.

ಸ್ಟ್ಯಾಟಿಕ್ ಲೈಬ್ರರಿ ಫೈಲುಗಳಾದ ಲಿನಕ್ಸ್‌ನ ‘.ಎ’, ವಿಂಡೋಸ್‌ನ ‘.ಲಿಬ್’ ಎರಡೂ ಶುರುವಾಗುವುದು ಒಂದೇ 8 ಬೈಟ್‌ಗಳಿಂದ! ಒಳಗಿನ ಆಬ್ಜೆಕ್ಟ್ ಫೈಲುಗಳು ಮಾತ್ರ ಬೇರೆ ಬೇರೆ: ಲಿನಕ್ಸ್‌ಗೆ ಎಲ್ಫ್, ವಿಂಡೋಸ್‌ಗೆ ಕಾಫ್, ಮ್ಯಾಕ್‌ಗೆ ಮ್ಯಾಕ್-ಓ. ಆದ್ದರಿಂದ ಮೂಲ ಕೋಡ್ ಒಂದೇ ಆದರೂ ಲೈಬ್ರರಿಯನ್ನು ಮೂರು ಸಲ ಕಟ್ಟಲೇಬೇಕು.

ಫಂಕ್ಷನ್ ಹೆಸರಿನ ಮುಂದೆ ಮ್ಯಾಕ್ ತಾನಾಗಿಯೇ ಒಂದು ಅಡಿಗೆರೆ ಸೇರಿಸುತ್ತದೆ. ಲಿನಕ್ಸ್ ಸೇರಿಸುವುದಿಲ್ಲ.

ಗ್ನೂ ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಕಮಾಂಡ್‌ನಲ್ಲಿ ಲೈಬ್ರರಿ ಮೊದಲು, ಅದನ್ನು ಬಳಸುವ ಫೈಲ್ ಆಮೇಲೆ ಬಂದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ತಕರಾರು ತೆಗೆಯುತ್ತದೆ. ಸಾಲು ಅದಲು ಬದಲು ಮಾಡಿದರೆ ಸಾಕು.

ಶುರುವಿನಲ್ಲಿ ಬಿಒಎಂ ಎಂಬ ಗುರುತು ಇಲ್ಲದ ಯುಟಿಎಫ್-8 ಫೈಲನ್ನು ಮೈಕ್ರೋಸಾಫ್ಟ್ ಕಂಪೈಲರ್ ತನ್ನಷ್ಟಕ್ಕೆ ಆ ಗಣಕದ ಕೋಡ್‌ಪೇಜ್‌ನಲ್ಲಿ ಓದುತ್ತದೆ. ಉದ್ಧರಣ ಚಿಹ್ನೆಯೊಳಗಿನ ಕನ್ನಡ ಕೆಡುವುದು ಇಲ್ಲಿಯೇ. ಬಿಲ್ಡ್‌ನಲ್ಲಿ ‘/ಯುಟಿಎಫ್-8’ ಆಯ್ಕೆ ಇರಲೇಬೇಕು.

‘ದುರ್ಗ’ ಎಂಬುದರಲ್ಲಿ ರ, ಹಲಂತ ಚಿಹ್ನೆ, ಗ ಎಂಬ ಸರದಿ ಎರಡೂ ಲಿಪಿಗೆ ಒಂದೇ. ಪರದೆಯ ಮೇಲೆ ಕನ್ನಡದಲ್ಲಿ ಅರ್ಕಾವತ್ತು ‘ಗ’ದ ಬಲಕ್ಕೆ ಹೋಗುತ್ತದೆ, ಇಂದಿನ ತೆಲುಗಿನಲ್ಲಿ ‘ರ’ ಮೇಲೆ ನಿಂತು ‘ಗ’ ಒತ್ತಕ್ಷರವಾಗುತ್ತದೆ. ಈ ಜೋಡಣೆ ಮಾಡಿಕೊಡುವ ಹಾರ್ಫ್‌ಬಝ್ ಸಿ++ನಲ್ಲಿ ಬರೆದದ್ದು, ಆದರೂ ಸಿ ಕೋಡ್‌ನಿಂದ ಕರೆಯಬಹುದು. ಅದನ್ನೂ ಸ್ಟ್ಯಾಟಿಕ್ ಲೈಬ್ರರಿಯಾಗಿ ಕಟ್ಟಿಕೊಳ್ಳಬಹುದು.