ಕೊಳವೆಗುಂಟ ಇಳಿಯುವ ಎಣ್ಣೆಯ ಪೊರೆ

ಬಟ್ಟೆ ಒಗೆಯುವ ಪುಡಿಗೆ ಕೊಳೆ ಬಿಡಿಸುವ ಶಕ್ತಿ ಬರುವುದು ಬಹುಪಾಲು ಒಂದು ಮಂದ ಕಂದು ದ್ರವದಿಂದ. ಮಾರುಕಟ್ಟೆಯಲ್ಲಿ ಅದನ್ನು ‘ಆ್ಯಸಿಡ್ ಸ್ಲರಿ’ ಅನ್ನುತ್ತಾರೆ. ಲೀನಿಯರ್ ಆಲ್ಕೈಲ್ ಬೆಂಜೀನ್ ಎಂಬ ಎಣ್ಣೆ ಸಲ್ಫರ್ ಟ್ರೈಆಕ್ಸೈಡ್ ಅನಿಲದೊಡನೆ ಕೂಡಿದರೆ ಅದು ಹುಟ್ಟುತ್ತದೆ. ಎರಡೂ ತಾಗಿದೊಡನೆ ಕೂಡಿಕೊಳ್ಳುತ್ತವೆ. ಹೊಮ್ಮುವ ಶಾಖವೂ ವಿಪರೀತ. ಅದನ್ನು ಅಲ್ಲಲ್ಲೇ ಹೊರಗೆಳೆಯದಿದ್ದರೆ ಎಣ್ಣೆ ಕಪ್ಪಿಡುತ್ತದೆ.

ಹಾಗಾಗಿ ಎಣ್ಣೆಯನ್ನು ಪೊರೆಯಾಗಿ ಹರಡುತ್ತಾರೆ. ಸುಮಾರು 25 ಮಿ.ಮೀ. ಒಳವ್ಯಾಸದ, 6 ಮೀಟರ್ ಉದ್ದದ ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ, ಒಳಗೋಡೆಗುಂಟ ಎಣ್ಣೆ ಇಳಿಯಬಿಡುತ್ತಾರೆ. ಪೊರೆಯ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ನಡುವಿನ ಟೊಳ್ಳಿನಲ್ಲಿ, ಒಣಗಾಳಿ ಬೆರೆಸಿ ಶೇ. 5ರ ಆಸುಪಾಸಿಗೆ ಇಳಿಸಿದ ಅನಿಲವೂ ಕೆಳಮುಖವಾಗಿ ನುಗ್ಗುತ್ತದೆ. ಕೊಳವೆಯ ಹೊರಗೆ ತಣ್ಣೀರು.

ಪೊರೆಯ ಲೆಕ್ಕಕ್ಕೆ ತಳಹದಿ ಹಾಕಿದವರು ಜರ್ಮನಿಯ ವಿಲ್ಹೆಲ್ಮ್ ನುಸೆಲ್ಟ್, 1916ರಲ್ಲಿ. ಸ್ನಿಗ್ಧತೆ ಎಂಟು ಪಟ್ಟಾದರೆ ಪೊರೆ ಎರಡೇ ಪಟ್ಟು ದಪ್ಪವಾಗುತ್ತದೆ ಅನ್ನುತ್ತದೆ ಅವರ ಸೂತ್ರ. ಆದರೆ ಅವರ ಪೊರೆ ನುಣುಪಾದದ್ದು. ನಿಜವಾದ ಪೊರೆಯ ಮೇಲೆ, ಮಳೆಯಲ್ಲಿ ಇಳಿಜಾರು ರಸ್ತೆಯ ಮೇಲೆ ಕಾಣುವಂತೆ, ಅಲೆಗಳು ಏಳುತ್ತವೆ. 1940ರ ದಶಕದ ಕೊನೆಗೆ, ಹುದ್ದೆ ಕಳೆದುಕೊಂಡು ತಮ್ಮ ಹಳ್ಳಿಮನೆಯಲ್ಲಿದ್ದ ಸೋವಿಯತ್ ಭೌತವಿಜ್ಞಾನಿ ಪ್ಯೋತರ್ ಕಪಿತ್ಸಾ ಈ ಅಲೆಗಳನ್ನೇ ಹಿಡಿದು ಕೂತರು. ಎಷ್ಟು ಸರಳ ಸಲಕರಣೆಯಿಂದ ಎಂಥ ಕೆಲಸ! ಅಲೆ ಪೊರೆಯನ್ನು ಕಲಕುತ್ತದೆ, ಶಾಖ ಗೋಡೆಗೆ ಬೇಗ ತಲುಪುತ್ತದೆ; ಅದನ್ನು ಬಿಟ್ಟ ಲೆಕ್ಕ ತಾಪವನ್ನು ತಪ್ಪಾಗಿ ಹೇಳುತ್ತದೆ.

ಎಣ್ಣೆ-ಅನಿಲಗಳ ಈ ಕೂಡಿಕೆಯಲ್ಲಿ, ಅಂದರೆ ಸಲ್ಫೊನೇಷನ್‌ನಲ್ಲಿ, ಇನ್ನೊಂದು ತೊಡಕಿದೆ. ಇಳಿಯುತ್ತ ಇಳಿಯುತ್ತ ಎಣ್ಣೆ ಆಮ್ಲವಾಗಿ, ಹತ್ತಾರು ಪಟ್ಟು ಮಂದವಾಗುತ್ತದೆ. ಪೊರೆ ದಪ್ಪವಾಗುತ್ತದೆ, ನಿಧಾನವಾಗುತ್ತದೆ. ಅದಕ್ಕೇ ಗಣಿತದ ಮಾದರಿ ಕಟ್ಟುವವರು ಕೊಳವೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಎಣಿಸುತ್ತಾರೆ: ಈ ತುಂಡಿನಲ್ಲಿ ಅನಿಲದಿಂದ ಪೊರೆಗೆ ದಾಟಿದ್ದೆಷ್ಟು, ಹುಟ್ಟಿದ ಶಾಖವೆಷ್ಟು, ನೀರು ಒಯ್ದದ್ದೆಷ್ಟು; ಉಳಿದದ್ದು ಮುಂದಿನ ತುಂಡಿನ ಲೆಕ್ಕಕ್ಕೆ. ಕೂಡಿಕೆ ಅಷ್ಟು ಚುರುಕಾದ್ದರಿಂದ, ಮೇಲ್ಭಾಗದಲ್ಲಿ ವೇಗವನ್ನು ನಿರ್ಧರಿಸುವುದು ಅನಿಲ ಪೊರೆಯನ್ನು ಮುಟ್ಟುವ ದರವೇ.

ಈ ಮಾದರಿಗಳಿಗೂ ನೈಜ ಅಳತೆಗಳಿಗೂ ಒಮ್ಮತವಿರುವ ಸಂಗತಿಯೊಂದು ನನಗೆ ಬಹಳ ಮುಖ್ಯವೆನಿಸುತ್ತದೆ. ಪೊರೆ ಅತಿ ಹೆಚ್ಚು ಕಾಯುವುದು ಕೊಳವೆಯ ಮೇಲ್ತುದಿಯ ಸಮೀಪ; ಅನಿಲ ಇನ್ನೂ ಸಾಂದ್ರವಾಗಿರುವ, ಎಣ್ಣೆ ಇನ್ನೂ ಹಸಿಯಾಗಿರುವ ಜಾಗ ಅದು. ಸ್ಲರಿಯ ಬಣ್ಣ ಕೆಡುವುದೂ ಹೆಚ್ಚಾಗಿ ಅಲ್ಲೇ. ತಣ್ಣೀರಿನ ಕವಚವನ್ನು ಮೇಲೊಂದು ಕೆಳಗೊಂದು ಭಾಗ ಮಾಡಿ, ಎರಡಕ್ಕೂ ಬೇರೆ ಬೇರೆಯಾಗಿ ನೀರು ಹಾಯಿಸುವುದು ಇದೇ ಕಾರಣಕ್ಕೆ.