‘ಪೆರುಸು’ ಮತ್ತು ಹಿರಿಯರು

ತಮಿಳುನಾಡಿನ ಪಡ್ಡೆ ಹುಡುಗರು ಮುದುಕರನ್ನು ‘ಪೆರುಸು’ ಎಂದು ಗೇಲಿಮಾಡುವುದುಂಟು. 2019ರಲ್ಲಿ ಜಗತ್ತಿಗೆಲ್ಲ ಹಬ್ಬಿದ ‘ಬೂಮರ್’ ಎಂಬ ಇಂಗ್ಲಿಷ್ ಮೂದಲಿಕೆಯೂ ಈಗ ಅದರ ಜೊತೆಗೂಡಿದೆ. ಉದಕಮಂಡಲ, ಗೂಡಲೂರುಗಳ ಕನ್ನಡ ಮನೆಗಳ ಹೊಸ್ತಿಲನ್ನು ಇವು ದಾಟಿದರೆ ಅಚ್ಚರಿಯಿಲ್ಲ. ‘ಓಬಿರಾಯನ ಕಾಲದವರು’ ಎಂದು ನಾವೂ ನಕ್ಕವರೇ ಅಲ್ಲವೇ?

‘ಪೆರುಸು’, ‘ಹಿರಿಯ’ ಎರಡರ ಮೂಲವೂ ಒಂದೇ. ಆದರೆ ಅಲ್ಲಿ ಮನುಷ್ಯನು ನಪುಂಸಕಲಿಂಗಕ್ಕಿಳಿದು ವಸ್ತುವಾಗುತ್ತಾನೆ. ಇದೇ ಬೆಟ್ಟಗಳ ಬಡಗರಾದರೋ ‘ಹೆತ್ತೆ’ಯನ್ನು, ಎಂದರೆ ಅಜ್ಜಿಯನ್ನು, ದೇವತೆಯೆಂದೇ ಪೂಜಿಸುತ್ತಾರೆ, ಕೋತಗಿರಿ ಬಳಿಯ ಬೇರಗಣಿಯಲ್ಲಿ ಆಕೆಗೆ ಹಬ್ಬ.

ಕನ್ನಡ ಶಾಲೆಯಿಲ್ಲದೆಡೆ ಅಜ್ಜ ಅಜ್ಜಿಯರೇ ಶಾಲೆ. ಗೇಲಿಗೆ ನೊಂದು ಅವರು ಬಾಯಿ ಮುಚ್ಚಿದರೆ ಮನೆಯ ಕನ್ನಡವೂ ಅಡಗೀತು. ಹಿರಿಯರು ನಗೆಯನ್ನು ನಗೆಯಲ್ಲೇ ತೇಲಿಸಿ ಮಾತು ಮುಂದುವರಿಸಲಿ. ಮಕ್ಕಳು ನಕ್ಕ ಮೇಲಾದರೂ ಕೇಳಲಿ.