ಮಗು ನೋಡಿಕೊಳ್ಳಲು ಮಮತೆಯೊಂದೇ ಸಾಕೇ?

ಬೆಳಿಗ್ಗೆ ಮದ್ರಸ ಬಿಟ್ಟು ನಾನು ಮನೆ ಕಡೆ ಹೊರಡುವಷ್ಟರಲ್ಲಿ ಗೊಟ್ಟಿಗೆರೆಯ ಗಲ್ಲಿಗಳಲ್ಲಿ ಗಡಿಬಿಡಿ ಶುರುವಾಗಿರುತ್ತದೆ. ಹೆಗಲಲ್ಲಿ ಬ್ಯಾಗು, ಸೊಂಟದಲ್ಲಿ ಮಗು, ಕೈಯಲ್ಲಿ ಹಾಲಿನ ಬಾಟಲಿ ಹಿಡಿದ ತಾಯಂದಿರು ಯಾವುದೋ ಮನೆಯ ಬಾಗಿಲು ತಟ್ಟುತ್ತಿರುತ್ತಾರೆ. ಮಗುವನ್ನು ಅಲ್ಲಿ ಬಿಟ್ಟು ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿಯಬೇಕು. ಅವರಲ್ಲಿ ನಮ್ಮ ಬ್ಯಾರಿ ಹೆಣ್ಣುಮಕ್ಕಳೂ ಇದ್ದಾರೆ. ಊರಲ್ಲಾದರೆ ಮಗು ನೋಡಲು ಉಮ್ಮ, ಅಜ್ಜಿ, ಅತ್ತೆ, ನಾದಿನಿ ಎಲ್ಲರೂ ಇರುತ್ತಿದ್ದರು. ಪುತ್ತೂರು, ಬಂಟ್ವಾಳ, ಉಳ್ಳಾಲದಿಂದ ಬಂದು ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇರುವವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ನಮ್ಮ ಮನೆಯದ್ದೂ ಅದೇ ಕಥೆ. ನನ್ನ ಕಿರಿಯ ಮಗಳಿಗೆ ಆಗ ಎರಡು ವರ್ಷ. ಪಕ್ಕದ ಗಲ್ಲಿಯ ಒಬ್ಬರು ಹೆಂಗಸು ಐದಾರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಹಳ ಒಳ್ಳೆಯವರು, ಮಕ್ಕಳೆಂದರೆ ಪ್ರಾಣ. ಒಂದು ದಿನ ಮಗಳ ಗಂಟಲಿಗೆ ಕಡಲೆಬೀಜ ಸಿಕ್ಕಿಕೊಂಡಿತು. ಆ ತಾಯಿ ಗಾಬರಿಯಾಗಿ ಬಾಯಿಗೆ ಬೆರಳು ಹಾಕಿದರು, ನೀರು ಕುಡಿಸಲು ನೋಡಿದರು, ಕೊನೆಗೆ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದರು. ಕೆಳಗಿನ ಮನೆಯಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳಿದ್ದಳು. ಅವಳು ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಭುಜಗಳ ನಡುವೆ ಅಂಗೈಯ ಬುಡದಿಂದ ಜೋರಾಗಿ ತಟ್ಟಿದಳು. ಮೂರನೇ ಏಟಿಗೆ ಬೀಜ ಹೊರಬಂತು, ಮಗು ಅತ್ತಿತು. ಅಲ್‌ಹಮ್ದುಲಿಲ್ಲಾಹ್, ಮಗುವಿನ ಅಳು ಕೇಳಿ ಅಷ್ಟು ಸಂತೋಷ ನನಗೆ ಬೇರೆ ಯಾವತ್ತೂ ಆಗಿಲ್ಲ.

ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಬೆರಳು ಹಾಕಿದರೆ ಬೀಜ ಇನ್ನೂ ಒಳಗೆ ಹೋಗಬಹುದು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು? ಸಣ್ಣ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬಾರದು ಎಂಬುದು ನನಗೂ ಗೊತ್ತಿರಲಿಲ್ಲ. ನಾನು ಅವರನ್ನು ಕೇಳಿದ್ದು ಒಂದೇ ಮಾತು, ‘ತಿಂಗಳಿಗೆ ಎಷ್ಟು?’ ಅಂತ. ತಪ್ಪು ನನ್ನದು.

ಮದ್ರಸದಲ್ಲಿ ಅಲಿಫ್, ಬಾ ಕಲಿಸುವುದಕ್ಕೂ ನಮಗೆ ಮುಅಲ್ಲಿಂ ತರಬೇತಿ ಇದೆ. ಆಗಾಗ ಮುಫತ್ತಿಶ್ ಬಂದು ಪಾಠ ನೋಡಿ ಹೋಗುತ್ತಾರೆ. ಆಟೋ ಓಡಿಸಲೂ ಲೈಸೆನ್ಸ್ ಬೇಕು. ಆದರೆ ಮನೆಯಲ್ಲಿ ಹತ್ತು ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವವರಿಗೆ ಇಂಥ ತರಬೇತಿ ಆಗಿರಲೇಬೇಕು, ಲೈಸೆನ್ಸ್ ಇರಲೇಬೇಕು ಎಂಬ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಮನೆಯಲ್ಲಿ ಸಣ್ಣ ಮಕ್ಕಳನ್ನು ಹಣ ಪಡೆದು ನೋಡಿಕೊಳ್ಳಬೇಕಾದರೆ ಮೊದಲು ನೋಂದಣಿ ಆಗಬೇಕು. ಮಕ್ಕಳ ಪ್ರಥಮ ಚಿಕಿತ್ಸೆಯ 12 ಗಂಟೆಗಳ ಕೋರ್ಸ್ ಮುಗಿಸಿರಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು.

ಹಾಗೆಂದು ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ನಾವು ಹಗುರವಾಗಿ ನೋಡುವ ಅಂಗನವಾಡಿಯನ್ನೇ ತೆಗೆದುಕೊಳ್ಳಿ. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ಕರ್ನಾಟಕದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಕಾರ್ಯಕರ್ತೆಯಾಗಲು ಈಗ ಪಿಯುಸಿ ಆಗಿರಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ವಯಸ್ಸು 19ರಿಂದ 35ರೊಳಗೆ. ಅದೇ ಊರು ಅಥವಾ ವಾರ್ಡಿನಲ್ಲಿ ವಾಸವಿರಬೇಕು.

ಆಯ್ಕೆಯಾದರೆ ಮುಗಿಯಲಿಲ್ಲ. ಐಸಿಡಿಎಸ್ ಪದ್ಧತಿಯಲ್ಲಿ ಕಾರ್ಯಕರ್ತೆಗೆ 26 ಕೆಲಸದ ದಿನಗಳ ತರಬೇತಿ, ಸಹಾಯಕಿಗೆ 8 ದಿನಗಳ ತರಬೇತಿ ಎಂದು ಇಟ್ಟಿದ್ದಾರೆ. ನಡುನಡುವೆ ಪುನಶ್ಚೇತನ ತರಬೇತಿ ಬೇರೆ. ಮಗುವಿನ ತೂಕ ನೋಡಿ ಚಾರ್ಟಿನಲ್ಲಿ ಗುರುತಿಸುವುದು, ಚುಚ್ಚುಮದ್ದು ಯಾವಾಗ ಹಾಕಿಸಬೇಕು, ಭೇದಿಯಾದರೆ ಓಆರ್‌ಎಸ್ ಹೇಗೆ ಕೊಡಬೇಕು, ಹಾಡು-ಆಟದಲ್ಲಿ ಹೇಗೆ ಕಲಿಸಬೇಕು, ಹೀಗೆ ವಿಷಯ ಬಹಳ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಕಾರ್ಯಕ್ರಮ ತಂದಿತು. ಊಟದ ಜೊತೆಗೆ ಪಾಠವೂ ಸರಿಯಾಗಿ ಆಗಲಿ ಎಂದು ಅದರಲ್ಲೂ ಕಾರ್ಯಕರ್ತೆಯರಿಗೆ ತರಬೇತಿ ಇದೆ.

ಆದರೆ ಅಂಗನವಾಡಿ ಇಡೀ ದಿನ ಇರುವುದಿಲ್ಲ, ಸಂಜೆ ಆರಕ್ಕೆ ಮನೆಗೆ ಬರುವ ತಾಯಿಗೆ ಅದು ಸಾಲುವುದಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಎಂದು ಹೇಳಿದರು. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ದೊಡ್ಡ ಕಂಪನಿಗೆ ಒಂದು, ಹಳ್ಳಿಗೆ ಒಂದು ಆಯಿತು. ನಡುವೆ ಉಳಿದವರು ನಾವು. ಬೇಕರಿ, ಬಟ್ಟೆ ಅಂಗಡಿ, ಸಣ್ಣ ಕ್ಲಿನಿಕ್ಕು, ಹತ್ತು ಜನರ ಆಫೀಸು, ಇಲ್ಲಿ ದುಡಿಯುವ ತಾಯಿಗೆ ಪಕ್ಕದ ಗಲ್ಲಿಯೇ ಗತಿ.

ಅದಕ್ಕೇ ಹೇಳುವುದು, ಕಾಯ್ದೆ ಕೇಳದಿದ್ದರೆ ನಾವೇ ಕೇಳೋಣ. ಮಗುವನ್ನು ಬಿಡುವ ಮುಂಚೆ ಒಂದು ಗಂಟೆ ಅಲ್ಲಿ ಕೂತು ನೋಡಿ. ಎಷ್ಟು ಮಕ್ಕಳಿಗೆ ಎಷ್ಟು ಜನ? ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕೆಂದು 2013ರ ರಾಷ್ಟ್ರೀಯ ನೀತಿ ಹೇಳುತ್ತದೆ. ಪ್ರಥಮ ಚಿಕಿತ್ಸೆ ಕಲಿತವರು ಯಾರು? ಹಸುಗೂಸನ್ನು ಅಂಗಾತ ಮಲಗಿಸುತ್ತಾರೋ, ಬೋರಲು ಮಲಗಿಸುತ್ತಾರೋ? ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇದೆಯಾ? ಕೇಳಿದರೆ ಬೇಜಾರಾದಾರು ಎಂಬ ಸಂಕೋಚ ಬೇಡ. ಬಾಡಿಗೆ ಮನೆ ಹಿಡಿಯುವಾಗ ನಲ್ಲಿ ತಿರುಗಿಸಿ ನೋಡುವವರು ನಾವು, ಇದನ್ನು ಕೇಳಲು ಯಾಕೆ ಸಂಕೋಚ?

ಇನ್ನೊಂದು ಮಾತು ಹೆಣ್ಣುಮಕ್ಕಳ ತಂದೆ-ತಾಯಿಗೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯರು ನಮ್ಮಲ್ಲಿ ಎಷ್ಟಿಲ್ಲ? ‘ದೂರ ಕಳಿಸಲು ಮನಸ್ಸಿಲ್ಲ ಉಸ್ತಾದರೇ’ ಅನ್ನುತ್ತೀರಿ. ಈ ಕೆಲಸ ಇರುವುದೇ ಮನೆಯ ಹತ್ತಿರ. ಇಗ್ನೋ ವಿಶ್ವವಿದ್ಯಾಲಯದಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣದ ಒಂದು ವರ್ಷದ ಡಿಪ್ಲೊಮಾ ಇದೆ, ಪಿಯುಸಿ ಆದವರು ಮನೆಯಲ್ಲೇ ಕೂತು ಓದಬಹುದು. ಅಂಗನವಾಡಿ ಹುದ್ದೆಗೆ ಯಾವಾಗ ಅರ್ಜಿ ಕರೆಯುತ್ತಾರೆ ಎಂದು ನಿಮ್ಮ ಭಾಗದ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ ಕಚೇರಿಯಲ್ಲಿ ವಿಚಾರಿಸಿ. ಜಮಾಅತಿನವರು ಮನಸ್ಸು ಮಾಡಿದರೆ ಒಂದು ಭಾನುವಾರ ಮಕ್ಕಳ ವೈದ್ಯರೊಬ್ಬರನ್ನು ಕರೆಸಿ, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆಲ್ಲ ಪ್ರಥಮ ಚಿಕಿತ್ಸೆ ಹೇಳಿಕೊಡಿಸುವುದು ಕಷ್ಟವೇನಲ್ಲ.

ಕಡಲೆಬೀಜ ನುಂಗಿದ ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆ ಹೆಂಗಸು ಇಂದಿಗೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಮೊನ್ನೆ ದಾರಿಯಲ್ಲಿ ಸಿಕ್ಕಾಗ ಹೇಳಿದರು, ‘ಉಸ್ತಾದರೇ, ಅವತ್ತೇ ಆ ನರ್ಸಿಂಗ್ ಹುಡುಗಿ ಹತ್ತಿರ ಕೂತು ಕಲಿತೆ. ಈಗ ಭಯ ಇಲ್ಲ.’ ಕಲಿಯಲು ಅವರಿಗೆ ಬೇಕಾದದ್ದು ಅರ್ಧ ಗಂಟೆ.